ನ್ಯಾಯಕ್ಕೆ ಗಡಿಯುಂಟೆ?

(ಹಿಪ್ಪರಗಿಯ ಸಭೆಯಲ್ಲಿ ಮಾಡಿದ ಭಾಷಣ)



ಓದುಬರಹ ಬಲ್ಲವರ ಬಾಯಲ್ಲಿ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳಬರುತ್ತಿದೆ. ಸರಿ, ತಪ್ಪು ಎಂಬವು ದೇಶಕಾಲಗಳಿಗೆ ತಕ್ಕಂತೆ ಜನರು ಕಲ್ಪಿಸಿಕೊಂಡವೇ ಹೊರತು ಸ್ವತಃ ಅವಕ್ಕೆ ಅಸ್ತಿತ್ವವಿಲ್ಲವೆಂದು ಅವರೆನ್ನುವರು. ಈ ಮಾತು ಕೇಳುವದಕ್ಕೆ ಉದಾರವಾಗಿ ತೋರುವದು. ಆದರೆ ಇದನ್ನು ಒಪ್ಪಿದರೆ ನಾವು ಏನನ್ನು ಕಳೆದುಕೊಳ್ಳುವೆವೆಂಬುದನ್ನು ನಮ್ಮ ಸೀಮೆಯ ಸಂಗತಿಗಳಿಂದಲೇ ವಿಚಾರಿಸೋಣ.

ಆ ಪಕ್ಷದಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಿಕೊಳ್ಳಬೇಕು. ಸೋದರಮಾವನ ಮಗಳನ್ನು ತರುವದು ನಮ್ಮಲ್ಲಿ ಸಂತೋಷದ ಸಂಬಂಧ. ಉತ್ತರ ಹಿಂದುಸ್ಥಾನದ ಅನೇಕ ಕುಲಗಳಲ್ಲಿ ಅದು ನಿಷಿದ್ಧ. ಇಂಥ ಆಚಾರಗಳಲ್ಲಿ ಯಾರು ಸರಿಯೆಂದು ಜಗಳಾಡುವದು ವ್ಯರ್ಥ. ಕಾಯದೆಗಳೂ ಹಾಗೆಯೇ. 1948ರ ವಿಲೀನೀಕರಣದ ವರೆಗೆ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ, ಮಗ್ಗುಲಲ್ಲಿಯೇ ಇರುವ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಸ್ವಲ್ಪ ನಡೆದರೆ ಸಾಕು, ದೊರೆ ಬೇರೆ, ಕಚೇರಿ ಬೇರೆ. ಆದರೆ ನೇಕಾರನಿಗೆ ನೂಲು ತೂಗಿ ಕೊಡುವಾಗ ತಕ್ಕಡಿಯಲ್ಲಿ ಮೋಸಮಾಡಿದವನು ಆ ಗಡಿಯನ್ನು ದಾಟಿದ ಮಾತ್ರಕ್ಕೆ ಪ್ರಾಮಾಣಿಕನಾಗುತ್ತಿದ್ದನೆ? ದಂಡ ವಿಧಿಸುವ ಅಧಿಕಾರವು ಗಡಿಯಲ್ಲಿ ನಿಲ್ಲುವದು. ನೇಕಾರನಿಗಾದ ಅನ್ಯಾಯವು ನಿಲ್ಲುವದಿಲ್ಲ.

ಇನ್ನು ಹಲಗಲಿಯ ಕಥೆಯನ್ನು ನೋಡಿರಿ. ಆಯುಧಗಳ ಮೇಲೆ ಇಂಗ್ಲಿಷರ ಸರಕಾರವು 1857ರಲ್ಲಿ ನಿರ್ಬಂಧದ ಕಾಯದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲಿಲ್ಲ. ಅವರಿಗೆ ಅವು ಅನ್ನವೂ ಹೌದು, ಮಾನವೂ ಹೌದು. ನವೆಂಬರದ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ 19 ಜನರನ್ನು ಗಲ್ಲಿಗೇರಿಸಿದರು. 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿಯೇ. ಸರಕಾರದ ದಫ್ತರದಲ್ಲಿ ಅವರು ಅಪರಾಧಿಗಳು, ನಮ್ಮ ಲಾವಣಿಯಲ್ಲಿ ವೀರರು. ಗೆದ್ದವನ ಮಾತೇ ನ್ಯಾಯವೆಂಬುದಾದರೆ, ಆ ಗಲ್ಲು 1857ರಲ್ಲಿ ನ್ಯಾಯವಾಗಿದ್ದು 1947ರ ತರುವಾಯ ಅನ್ಯಾಯವಾಯಿತೆಂದು ಹೇಳಬೇಕಾಗುವದು. ನಿಮ್ಮಲ್ಲಿ ಯಾರು ಇದನ್ನು ಒಪ್ಪುವಿರಿ? ಹಗ್ಗ ಬಿಗಿದ ದಿನವೇ ಅದು ಅನ್ಯಾಯವಾಗಿತ್ತು. ಅಂದಿನ ಅಧಿಕಾರಿಗೆ ಹಾಗೆ ಕಾಣದಿದ್ದರೂ ಅನ್ಯಾಯವೇ ಆಗಿತ್ತು.

ಈ ಮಾತಿಗೆ ತಾವೆಲ್ಲರೂ ತಲೆದೂಗುವಿರೆಂದು ಬಲ್ಲೆನು. ಆದರೆ ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳಬೇಕಲ್ಲವೆ? ಊರ ಬಾವಿಯಿಂದ ಒಂದು ಕೊಡ ನೀರು ಸೇದುವದಕ್ಕೆ ನಮ್ಮವರೇ ಆದ ಎಷ್ಟೋ ಜನರಿಗೆ ನಾವು ತಲೆತಲಾಂತರದಿಂದ ಆಸ್ಪದಕೊಡಲಿಲ್ಲ. ಊರ ಹಿರಿಯರು ಒಪ್ಪಿದ್ದರು, ಶಾಸ್ತ್ರ ಹೇಳುವವರು ಒಪ್ಪಿದ್ದರು, ರೂಢಿಯಂತೂ ಒಪ್ಪಿಯೇ ಇತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಕಲಮಿನಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದರ ಆಚರಣೆಗೆ ಶಿಕ್ಷೆ ವಿಧಿಸುವ ಕಾಯದೆ ಬಂದಿತು. ಹಾಗಾದರೆ ಜನವರಿ 25ರ ಸಂಜೆ ಆ ಕೊಡವನ್ನು ತಡೆದದ್ದು ನ್ಯಾಯವಾಗಿತ್ತೆ? ಇಲ್ಲ. ಕಾಯದೆಯು ಆ ತಪ್ಪನ್ನು ಹುಟ್ಟಿಸಲಿಲ್ಲ. ಮೊದಲೇ ಇದ್ದ ತಪ್ಪನ್ನು ತಪ್ಪೆಂದು ಒಪ್ಪಿಕೊಂಡಿತು. ಹಲಗಲಿಯ ಗಲ್ಲು ಅಂದೇ ಅನ್ಯಾಯವೆನ್ನುವವನು ಬಾವಿಕಟ್ಟೆಯ ಅನ್ಯಾಯವನ್ನು ಆ ಕಾಲದ ರೂಢಿಯೆಂದು ಮರೆಮಾಚಲಾಗದು. ಪರರು ನಮಗೆ ಮಾಡಿದ್ದಕ್ಕೆ ಒಂದು ನ್ಯಾಯ, ನಾವು ನಮ್ಮವರಿಗೆ ಮಾಡಿದ್ದಕ್ಕೆ ಇನ್ನೊಂದು ನ್ಯಾಯವೆಂದರೆ ಎರಡೂ ಉಳಿಯುವದಿಲ್ಲ.

ನಮ್ಮ ತಿಳುವಳಿಕೆಯೂ ತಪ್ಪಬಹುದಲ್ಲವೆ ಎಂದು ಕೇಳುವಿರಿ. ಅವಶ್ಯವಾಗಿ ತಪ್ಪಬಹುದು. ಅರಿವೆ ಅಳೆಯುವ ಕೋಲು ಬಳಸಿ ಬಳಸಿ ಸವೆಯುವದು. ಆದರೆ ಅದು ಸವೆದಿದೆಯೆನ್ನಬೇಕಾದರೆ ಸರಿಯಾದ ಅಳತೆಯೊಂದು ಇರಲೇಬೇಕು. ಆದುದರಿಂದ ನಮ್ಮ ಅಜ್ಞಾನವು ನ್ಯಾಯವಿಲ್ಲವೆಂಬುದಕ್ಕೆ ಪ್ರಮಾಣವಲ್ಲ; ಇನ್ನೂ ಹುಡುಕಬೇಕೆಂಬುದಕ್ಕೆ ಪ್ರಮಾಣ. ಹುಡುಕುವ ದಾರಿಯೂ ತೀರ ಕಠಿನವಲ್ಲ. ನಮ್ಮ ನಡತೆಗೆ ನಾವು ಕೊಡುವ ಕಾರಣವನ್ನು, ಬರಿಗೊಡ ಹಿಡಿದು ನಿಂತವಳ ಜಾಗದಲ್ಲಿ ನಿಂತು ಹೇಳಿ ನೋಡಬೇಕು. ಅಲ್ಲಿ ಬಾಯಿಂದ ಹೊರಡದ ಕಾರಣವು ಎಲ್ಲಿಯೂ ಕಾರಣವಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಹಲಗಲಿಯ ಪಾಠವನ್ನು ಹೇಳುವ ದಿನವೇ ಬಾವಿಯ ಪಾಠವನ್ನೂ ಮಕ್ಕಳಿಗೆ ಹೇಳಿರಿ. ಎರಡನ್ನೂ ಒಂದೇ ಅಳತೆಯಿಂದ ಅಳೆಯಲು ಕಲಿತ ಮಕ್ಕಳು ನಾಳೆ ಯಾವ ಅಧಿಕಾರಕ್ಕೂ ಅಂಜರು, ಯಾವ ಬಡವನನ್ನೂ ತುಳಿಯರು.