ಕಲಿಸಲು ಬಂದವರು ಕಲಿಯಲು ಕುಳಿತಾಗ
(ಬಾಸೆಲ್ ಮಿಷನ್ನಿನವರು ಮತ್ತು ಭಾಷೆ ದಾಟಿದ ಗೆಳೆತನ: ದತ್ತಿ ಉಪನ್ಯಾಸ)



  

ಬಾಸೆಲ್ ಮಿಷನ್ ಎಂದ ಕೂಡಲೇ ನಮಗೆ ನೆನಪಾಗುವುದು ಮೊದಲ ಕನ್ನಡ ಪತ್ರಿಕೆ, ಕಿಟ್ಟೆಲ್ ನಿಘಂಟು, ಮಂಗಳೂರು ಹಂಚು. ಈ ಸಾಧನೆಗಳ ಪಟ್ಟಿಯನ್ನು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಪಟ್ಟಿಯ ಹಿಂದಿರುವ ಮನುಷ್ಯ ಸಂಬಂಧಗಳ ಕಡೆಗೆ ನಮ್ಮ ಗಮನ ಹೋಗಿರುವುದು ಕಡಿಮೆ. ರೈನ್ ನದಿಯ ದಂಡೆಯಿಂದ ನೇತ್ರಾವತಿಯ ದಂಡೆಗೆ ಬಂದವರಿಗೆ ಇಲ್ಲಿಯ ಒಂದು ಮಾತೂ ಬರುತ್ತಿರಲಿಲ್ಲ. ಅಂಥವರು ಇಲ್ಲಿಯವರಿಗೆ ಹೇಗೆ ಹತ್ತಿರವಾದರು? ಎಲ್ಲಿ ಆಗದೇ ಹೋದರು? ಈ ಎರಡು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ನನಗೆ ತೋರಿದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಸಲು ಬಂದವರು ಕಲಿಯಲು ಕುಳಿತ ಕಡೆಯಲ್ಲೆಲ್ಲ ಗೆಳೆತನ ಬೆಳೆಯಿತು. ಕಲಿಯುವುದು ಮುಗಿಯಿತು ಎಂದುಕೊಂಡ ಕಡೆ ಅದು ನಿಂತಿತು.

1. ಬಂದವರು

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, 1834ರಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರು ಸೇರಿದರು. ಇವರ ಹಿಂದೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ ಮಕ್ಕಳು, ಕುಶಲಕರ್ಮಿಗಳ ಮಕ್ಕಳು ಅವರಲ್ಲಿ ಬಹಳ ಇದ್ದರು.

ಅವರು ಕಾಲಿಟ್ಟ ಊರಿನಲ್ಲಿ ಒಂದೇ ಭಾಷೆ ಇರಲಿಲ್ಲ. ಗದ್ದೆಯಲ್ಲಿ, ಮನೆಯಂಗಳದಲ್ಲಿ ತುಳು. ಪೇಟೆಯಲ್ಲಿ ಕೊಂಕಣಿ, ಬ್ಯಾರಿ ಭಾಷೆ, ಮಲಯಾಳ. ಓದುಬರಹಕ್ಕೆ, ಕಚೇರಿಯ ಕಾಗದಕ್ಕೆ ಕನ್ನಡ. ಆಳುವವರ ಇಂಗ್ಲಿಷ್ ಈ ಜರ್ಮನ್ನರಿಗೂ ಹೊರಗಿನದೇ. ಒಂದು ಭಾಷೆ ಕಲಿತರೆ ಸಾಲದು ಎಂಬುದು ಅವರಿಗೆ ಬೇಗ ತಿಳಿಯಿತು. ಗ್ರೈನರ್ ತುಳುವಿಗೆ ತೊಡಗಿದರು. 1847ರ ಹೊತ್ತಿಗೆ ಹೊಸ ಒಡಂಬಡಿಕೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಮುಂದೆ ಇದೇ ಮಿಷನ್ನಿನ ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣವನ್ನೂ, ಮೆನ್ನರ್ 1886ರಲ್ಲಿ ತುಳು ನಿಘಂಟನ್ನೂ ಕೊಟ್ಟರು. ಮೆನ್ನರ್ ಪಾಡ್ದನಗಳನ್ನು ಬರೆದಿಟ್ಟು ಅಚ್ಚು ಮಾಡಿಸಿದರು ಎಂಬುದನ್ನು ಇಲ್ಲಿ ಗಮನಿಸಬೇಕು. ಪಾಡ್ದನ ಭೂತಾರಾಧನೆಯ ಹಾಡು. ಮಿಷನರಿಯ ಧರ್ಮ ಒಪ್ಪದ ಹಾಡು. ಅದನ್ನು ಹಾಡುವವರು ನಂಬಿ ಹಾಡಬೇಕು, ಕೇಳುವವನು ತಾಳ್ಮೆಯಿಂದ ಕುಳಿತು ಕೇಳಬೇಕು. ಆಗ ಮಾತ್ರ ಅದು ಕಾಗದಕ್ಕೆ ಇಳಿಯುತ್ತದೆ.

2. ಮುನ್ಷಿಯ ಮುಂದೆ

ಹೊಸದಾಗಿ ಬಂದ ಮಿಷನರಿಯ ಮೊದಲ ಗುರು ಭಾಷೆ ಕಲಿಸುವ ಮುನ್ಷಿ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲೇ ಬಂದಿತ್ತು. ಪುಸ್ತಕದಿಂದ ಪದ ಸಿಗುತ್ತದೆ. ಯಾರಿಗೆ ‘ನೀನು’, ಯಾರಿಗೆ ‘ನೀವು’, ಯಾರ ಮನೆಯ ಜಗಲಿಯವರೆಗೆ ಹೋಗಬಹುದು, ಯಾವ ಮಾತನ್ನು ಹೆಂಗಸರ ಮುಂದೆ ಆಡಬಾರದು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಅದನ್ನು ಹೇಳಿಕೊಟ್ಟವರು ಮುನ್ಷಿಗಳು.

ಈ ಸಂಬಂಧವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಬಳ ಕೊಡುವವನು ಬಿಳಿಯ, ತೆಗೆದುಕೊಳ್ಳುವವನು ಇಲ್ಲಿಯವನು. ಹೊರಗೆ ಕಂಪನಿಯ ಆಳ್ವಿಕೆ. 1837ರ ಏಪ್ರಿಲ್‌ನಲ್ಲಿ ಕಂಪನಿಯ ವಿರುದ್ಧ ಎದ್ದ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಬಂಡಾಯ ಮಂಗಳೂರಿಗೇ ನುಗ್ಗಿತ್ತು. ಬಿಳಿಯರ ಮೇಲೆ ಜನರಲ್ಲಿ ಎಷ್ಟು ಸಿಟ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಷ್ಟೆಲ್ಲ ಇದ್ದರೂ ಪಾಠದ ಹೊತ್ತಿನಲ್ಲಿ ಮೇಲು ಕೀಳು ತಿರುಗಿ ನಿಲ್ಲುತ್ತಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವನು ಇಲ್ಲಿ ‘ಳ’ಕಾರ, ‘ಣ’ಕಾರ ತಿದ್ದಿಸಿಕೊಳ್ಳಬೇಕು. ತಿದ್ದುವ ಅಧಿಕಾರ ಮುನ್ಷಿಯದು. ದಿನವೂ ಸ್ವಲ್ಪ ಹೊತ್ತಾದರೂ ಅಧಿಕಾರ ಹೀಗೆ ಕೈ ಬದಲಾಯಿಸದಿದ್ದರೆ ಒಡೆಯ ಮತ್ತು ಆಳು ಇರುತ್ತಾರೆ, ಗೆಳೆಯರು ಇರುವುದಿಲ್ಲ.

3. ಮೋಗ್ಲಿಂಗ್: ಒಂದೇ ಮನೆ, ಒಂದೇ ಊಟ

ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ. ಮಂಗಳೂರಿಗೆ ಬಂದದ್ದು 1836ರ ಡಿಸೆಂಬರಿನಲ್ಲಿ. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಗೆಳೆಯ. ಮೋಗ್ಲಿಂಗ್ ತಮ್ಮ ವಿದ್ಯಾರ್ಥಿಗಳ ಜೊತೆಯಲ್ಲೇ ವಾಸಮಾಡಿ, ಅವರ ಊಟವನ್ನೇ ಉಂಡು, ಅವರ ದಿನಚರಿಯನ್ನೇ ತಮ್ಮದಾಗಿಸಿಕೊಳ್ಳಲು ಪ್ರಯತ್ನಿಸಿದವರು. ಪಾಠ ಒಂದು ಗಂಟೆಗೆ ಮುಗಿಯುತ್ತದೆ. ಊಟಕ್ಕೆ ಕುಳಿತಾಗ, ಜ್ವರ ಬಂದಾಗ, ಹುಡುಗರು ಜಗಳವಾಡಿದಾಗ, ರಾತ್ರಿ ದೀಪ ಆರಿಸುವ ಮುನ್ನ ಮಾತು ನಡೆಯುತ್ತಲೇ ಇರುತ್ತದೆ. ಮೋಗ್ಲಿಂಗರ ಕನ್ನಡ ಬೆಳೆದದ್ದು ಅಂಥ ಹೊತ್ತುಗಳಲ್ಲಿ.

1843ರ ಜುಲೈ 1ರಂದು ಅವರು ‘ಮಂಗಳೂರ ಸಮಾಚಾರ’ ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ಪತ್ರಿಕೆ ಅದು. ಊರ ವರ್ತಮಾನ, ಸರ್ಕಾರದ ನಿರೂಪ, ಕಥೆ ಎಲ್ಲವೂ ಅದರಲ್ಲಿದ್ದವು. ಬೋಧನೆಯೊಂದೇ ಉದ್ದೇಶವಾಗಿದ್ದರೆ ಊರ ವರ್ತಮಾನ ಬೇಕಾಗಿರಲಿಲ್ಲ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಆಯುಸ್ಸು ಕಡಿಮೆ. ಆದರೂ ಕನ್ನಡಿಗರು ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಅದಕ್ಕಿಂತ ದೊಡ್ಡ ಕೆಲಸ 1848ರಿಂದ ಆರಂಭವಾದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಕೊಟ್ಟರು. ಮೋಗ್ಲಿಂಗ್ ಓಲೆಗರಿಗಳನ್ನು ಹುಡುಕಿಸಿ, ಪಂಡಿತರಿಂದ ಓದಿಸಿ, ಪ್ರತಿ ಮಾಡಿಸಿ ಅಚ್ಚಿಗೆ ಕೊಟ್ಟರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಹೀಗೆ ಅಚ್ಚಿನ ಮುಖ ಕಂಡವು. ಮನೆಯ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟನ್ನು ಪರಧರ್ಮದ ಪರದೇಶಿಯ ಕೈಗೆ ಯಾರು ಕೊಡುತ್ತಾರೆ? ನಂಬಿಕೆ ಇದ್ದವರು ಕೊಡುತ್ತಾರೆ. ಆ ಮಾಲೆಯ ಒಂದೊಂದು ಸಂಪುಟದ ಹಿಂದೆಯೂ ಇಂಥ ನಂಬಿಕೆ ಇದೆ. ಈ ಕಾಲದ ಗದ್ಯವನ್ನೂ ಗ್ರಂಥಗಳನ್ನೂ ಶೋಧಿಸಿ ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರರಿಗೆ ನಾವು ಕೃತಜ್ಞರಾಗಿರಬೇಕು.

4. ಗೆಳೆತನದ ಬೆಲೆ

ಮೋಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಓದುತ್ತಿದ್ದರು. ಗುರುವಿಗೂ ಶಿಷ್ಯನಿಗೂ ಇಂಗ್ಲಿಷ್ ಕಲಿತ ಭಾಷೆ. ಇಬ್ಬರೂ ತಮ್ಮ ತಾಯ್ನುಡಿಯ ಹೊಸ್ತಿಲು ದಾಟಿ ಬಂದು ಅಲ್ಲಿ ಕುಳಿತಿದ್ದರು. 1844ರ ಜನವರಿಯಲ್ಲಿ ಕೌಂಡಿನ್ಯರು ಕ್ರೈಸ್ತರಾದರು. ಮಂಗಳೂರು ಹೊತ್ತಿ ಉರಿಯಿತು. ಮನೆ, ಬಂಧುಬಳಗ, ಜಾತಿ ಎಲ್ಲವೂ ಅವರಿಂದ ದೂರವಾದವು.

ಈ ಘಟನೆಯನ್ನು ನಾನು ಹಗುರವಾಗಿ ಹೇಳಲಾರೆ. ಮಿಷನರಿಗೆ ಅದು ಆತ್ಮದ ಗೆಲುವು. ಮಗನನ್ನು ಕಳೆದುಕೊಂಡ ಮನೆಗೆ ಅದು ಸಾವಿಗೆ ಸಮಾನ. ಮತಾಂತರದ ಗುರಿ ಇಟ್ಟುಕೊಂಡವನ ಗೆಳೆತನದ ಮೇಲೆ ಊರಿಗೆ ಅನುಮಾನ ಬಂದರೆ ಊರನ್ನು ದೂರುವಂತಿಲ್ಲ. ‘ಇವನು ನನಗಾಗಿ ಬರುತ್ತಿದ್ದಾನೋ, ನನ್ನ ಮತಕ್ಕಾಗಿ ಬರುತ್ತಿದ್ದಾನೋ’ ಎಂಬ ಪ್ರಶ್ನೆ ಮಿಷನರಿಯ ಪ್ರತಿ ಗೆಳೆತನದಲ್ಲೂ ಇತ್ತು. ಅದನ್ನು ಮರೆಮಾಚಿ ಬರೆದ ಚರಿತ್ರೆ ಸುಳ್ಳಾಗುತ್ತದೆ.

ಈ ಗುರುಶಿಷ್ಯರ ನಡುವಿನ ಸ್ನೇಹವಾದರೂ ನಿಜವಾದದ್ದು. ಕೌಂಡಿನ್ಯರು 1846ರಿಂದ 1851ರವರೆಗೆ ಬಾಸೆಲ್‌ನಲ್ಲಿ ಓದಿದರು. ಈಗ ಜರ್ಮನ್ ಭಾಷೆಯ ಮುಂದೆ ತಡವರಿಸುವ ಸರದಿ ಅವರದು. ಚಳಿಯ ಊರಿನಲ್ಲಿ ಅಪರಿಚಿತರ ನಡುವೆ ಭಾಷೆ ಕಲಿತು, ಪಾದ್ರಿ ದೀಕ್ಷೆ ಪಡೆದು ಊರಿಗೆ ಮರಳಿದರು. ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಕೊಡಗಿನ ಆನಂದಪುರ ಎಂಬ ನೆಲೆಯ ಹೆಸರಿನಲ್ಲಿ ಅವರ ನೆನಪಿದೆ. ಭಾಷೆಯ ಗಡಿಯನ್ನು ಎರಡು ಕಡೆಯವರೂ ದಾಟಿದ ಅಪರೂಪದ ಉದಾಹರಣೆ ಇದು.

5. ಮಾತು ತಿಳಿದರೂ ಮನಸ್ಸು ತಿಳಿಯದಾಗ

ಎಲ್ಲೆಡೆ ಹೀಗಾಗಲಿಲ್ಲ. ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಹೋಯಿತು. ಆ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಜನ ಮಿಷನರಿಗಳ ಬಳಿ ಬಂದರು. ಕಾಲಜ್ಞಾನದಲ್ಲಿ ಮುಂದೆ ಬರುವ ಬದಲಾವಣೆಯ ಮಾತಿತ್ತು. ಆ ಬದಲಾವಣೆ ತರುವವರು ಇವರೇ ಇರಬಹುದೆಂದು ಅವರ ಆಸೆ. ಇಡೀ ಸಮುದಾಯವೇ ಕ್ರಿಸ್ತನ ಕಡೆ ತಿರುಗೀತೆಂದು ಮಿಷನರಿಗಳ ಆಸೆ. ಗದಗ–ಬೆಟಗೇರಿ ಕಡೆಯ ಮಲಸಮುದ್ರದಲ್ಲಿ ಈ ಜನರಿಗಾಗಿ ಒಂದು ನೆಲೆ ಹುಟ್ಟಿತು. ಅದು ಉಳಿಯಲಿಲ್ಲ.

ಇಲ್ಲಿ ಅಡ್ಡ ಬಂದದ್ದು ವ್ಯಾಕರಣವಲ್ಲ. ಕನ್ನಡ ಮಾತು ನಡೆದಿತ್ತು, ತಲೆಯಾಡಿಸುವಿಕೆ ನಡೆದಿತ್ತು. ತಾವು ಕೇಳಬಯಸಿದ್ದನ್ನೇ ಇಬ್ಬರೂ ಕೇಳಿಸಿಕೊಂಡರು. ಪರಭಾಷೆಯಲ್ಲಿ ಸೇವೆ ಮಾಡಹೊರಟ ಯಾರಿಗೇ ಆದರೂ ಮಲಸಮುದ್ರ ಒಂದು ಎಚ್ಚರಿಕೆ. ಭಾಷೆ ಅರ್ಧ ಬಂದ ಹೊತ್ತೇ ಅಪಾಯದ ಹೊತ್ತು. ಆಗ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ.

6. ಕಿಟ್ಟೆಲ್: ಕೇಳುತ್ತಲೇ ಇದ್ದವರು

ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಕೇಳುವುದನ್ನು ಕೊನೆಯವರೆಗೂ ನಿಲ್ಲಿಸಲಿಲ್ಲ. ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ ಬರೆದರು. 1872ರಲ್ಲಿ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. ಇಷ್ಟು ಓದು ಮಿಷನರಿಗೆ ಏಕೆ ಬೇಕು ಎಂಬ ಅಸಮಾಧಾನ ಬಾಸೆಲ್‌ನ ಆಡಳಿತಕ್ಕೆ ಇತ್ತು. ಕಿಟ್ಟೆಲ್ ಹಿಂದೆ ಸರಿಯಲಿಲ್ಲ. ಜರ್ಮನಿಗೆ ಹೋಗಿ ನೆಲೆಸಿದ್ದವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗಾಗಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು.

ಆ ನಿಘಂಟನ್ನು ತೆರೆದವರಿಗೆ ಪುಟಪುಟದಲ್ಲೂ ಗಾದೆಗಳು ಸಿಗುತ್ತವೆ. ಹಳೆಯ ಕಾವ್ಯದ ಪದವನ್ನು ಓಲೆಗರಿಯಿಂದ ಎತ್ತಿಕೊಳ್ಳಬಹುದು. ಗಾದೆ ಹಾಗೆ ಸಿಗುವುದಿಲ್ಲ. ಅತ್ತೆ ಸೊಸೆಯರ ಜಗಳದ ನಡುವೆ, ಸಂತೆಯ ಚೌಕಾಶಿಯಲ್ಲಿ, ಮಳೆ ಕೈಕೊಟ್ಟ ವರ್ಷ ಕಟ್ಟೆಯ ಮೇಲೆ ಕುಳಿತವರ ನಿಟ್ಟುಸಿರಿನಲ್ಲಿ ಅದು ಹೊರಬರುತ್ತದೆ. ಪರಕೀಯ ಎದುರಿಗಿದ್ದಾಗಲೂ ಜನ ತಮ್ಮ ಗಾದೆಯನ್ನು ಸಲೀಸಾಗಿ ಆಡಿದರೆ, ಅವನನ್ನು ಪರಕೀಯನೆಂದು ನೋಡುವುದನ್ನು ಬಿಟ್ಟಿದ್ದಾರೆ ಎಂದೇ ತಿಳಿಯಬೇಕು. ಕಿಟ್ಟೆಲ್ ನಿಘಂಟನ್ನು ನಾನು ಗೆಳೆತನದ ದಾಖಲೆಯಾಗಿಯೂ ಓದುತ್ತೇನೆ.

7. ಗೆಳೆತನದ ಬಳ್ಳಿಯ ಫಲ

ಈ ಸಂಬಂಧದ ಫಲ ಮುಂದಿನ ತಲೆಮಾರಿನಲ್ಲಿ ಕಾಣಿಸಿತು. 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೇವೆ ಮಾಡುತ್ತಲೇ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಬಗ್ಗೆ ಬರೆದರು. ಮಠಗಳ ಸ್ವಾಮಿಗಳೂ ಶರಣ ಸಾಹಿತ್ಯದ ವಿದ್ವಾಂಸರೂ ಅವರನ್ನು ತಮ್ಮವರೆಂದು ಕಂಡರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತಮ್ಮ ಧರ್ಮದಲ್ಲಿ ದೃಢವಾಗಿ ನಿಂತೂ ಪರಧರ್ಮದ ನುಡಿಗೆ ಮಗನಾಗಬಹುದು ಎಂದು ತೋರಿಸಿದ ಬದುಕು ಅವರದು.

8. ಇಂದಿನವರಿಗೆ

ಕಾಲ ತಿರುಗಿದೆ. ಇಂದು ನಮ್ಮ ಕರಾವಳಿಯಿಂದಲೇ ಧರ್ಮಭಗಿನಿಯರು, ಪಾದ್ರಿಗಳು, ದಾದಿಯರು ದೂರದ ದೇಶಗಳಿಗೆ ಸೇವೆಗೆ ಹೋಗುತ್ತಿದ್ದಾರೆ. ಅವರಿಗೆ ಈ ಚರಿತ್ರೆಯಿಂದ ನಾಲ್ಕು ಮಾತು. ತಿದ್ದುವ ಧೈರ್ಯವಿರುವ ಗುರುವನ್ನು ಅಲ್ಲಿಯವರಲ್ಲೇ ಹುಡುಕಿಕೊಳ್ಳಿ. ಅವರ ಮನೆಯ ಊಟಕ್ಕೆ ಹೋಗಿ, ಕೊಟ್ಟದ್ದನ್ನು ಉಣ್ಣಿ. ಅವರ ಹಾಡು, ಗಾದೆ, ದೇವರ ಕಥೆಗಳನ್ನು ಗೌರವದಿಂದ ಕೇಳಿ ಬರೆದಿಡಿ. ನಿಮ್ಮ ಉದ್ದೇಶವೇನೆಂದು ಮುಚ್ಚಿಡದೆ ಹೇಳಿ. ಅದನ್ನು ಅವರು ಒಪ್ಪದಿದ್ದರೂ ಅವರ ಕಷ್ಟಕ್ಕೆ ಹೋಗುವುದನ್ನು ಬಿಡಬೇಡಿ.

ಇಲ್ಲಿಯೇ ಇರುವ ನಮಗೂ ಒಂದು ಮಾತಿದೆ. ನಮ್ಮ ಊರುಗಳಿಗೆ ಬೇರೆ ಬೇರೆ ನುಡಿಯವರು ದುಡಿಯಲು ಬಂದಿದ್ದಾರೆ. ಅವರು ತೊದಲುತ್ತ ಕನ್ನಡ ಆಡಿದಾಗ ನಗಬೇಡಿ, ಹಿಂದಿಗೋ ಇಂಗ್ಲಿಷಿಗೋ ಜಾರಲೂಬೇಡಿ. ನಿಧಾನವಾಗಿ ಕನ್ನಡದಲ್ಲೇ ಉತ್ತರ ಕೊಡಿ. ಮುನ್ಷಿಯ ಕೆಲಸ ಈಗ ನಮ್ಮೆಲ್ಲರದು.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಮೋಗ್ಲಿಂಗ್, ಕಿಟ್ಟೆಲ್ ಅವರ ಹೆಸರು ನಮಗೆ ಬಾಯಿಪಾಠ. ಅವರಿಗೆ ಕನ್ನಡ ಕಲಿಸಿದ, ಓಲೆಗರಿ ಓದಿಕೊಟ್ಟ, ಪಾಡ್ದನ ಹಾಡಿದ ಹೆಚ್ಚಿನವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಗೆಳೆತನದ ಚರಿತ್ರೆಯನ್ನು ಒಬ್ಬನ ಹೆಸರಿನಲ್ಲಿ ಬರೆಯಲಾಗದು. ಮಂಗಳೂರಿನ ಬಲ್ಮಠದಲ್ಲಿ ಮಿಷನ್ ಕಾಲದ ಹಳೆಯ ಪುಸ್ತಕಗಳಿವೆ, ಬಾಸೆಲ್‌ನಲ್ಲಿ ಪತ್ರಾಗಾರವಿದೆ. ನಿಮ್ಮಲ್ಲಿ ಯಾರಾದರೂ ಜರ್ಮನ್ ಕಲಿಯಿರಿ, ಆ ಪತ್ರಗಳನ್ನು ಓದಿ, ಆ ಮುನ್ಷಿಗಳ, ಪಂಡಿತರ, ಹಾಡುಗಾರರ ಹೆಸರುಗಳನ್ನು ಹುಡುಕಿ ಕನ್ನಡಕ್ಕೆ ಕೊಡಿ. ಮುಂದಿನ ಯಾವುದಾದರೊಂದು ವರ್ಷ ಇದೇ ದತ್ತಿಯ ಉಪನ್ಯಾಸ ಅವರನ್ನು ಕುರಿತೇ ನಡೆಯಲಿ.