ಅಗ್ಗಕ್ಕೆ ಬಂದ ಆನೆ: ಹಳೆಯ ಐಷಾರಾಮಿ ವಾಹನದ ನಿಜವಾದ ಬೆಲೆ

(ಕುಂಸಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಂಡಿಸಿದ ಉಪನ್ಯಾಸದ ಪಠ್ಯ)



ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮಲೆನಾಡಿನ ಅಂಗಳಗಳಿಗೆ ವಾಹನಗಳು ಬರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಬಸ್ಸು ಬಾರದ ಊರಿನಲ್ಲಿ, ಮಳೆಗಾಲದ ಇರುಳಿನಲ್ಲಿ, ರೋಗಿಯನ್ನು ಶಿವಮೊಗ್ಗಕ್ಕೆ ಸಾಗಿಸಬೇಕಾದ ಮನೆಯವರಿಗೆ ವಾಹನದ ಬೆಲೆ ಗೊತ್ತಿದೆ. ಆದರೆ ಹೊಸದಾಗಿದ್ದಾಗ ಅರ್ಧ ಕೋಟಿಗೂ ಮೀರಿದ ಬೆಲೆಯಿದ್ದ, ಈಗ ಹತ್ತು ಹದಿನೈದು ವರ್ಷ ಹಳೆಯದಾದ ವಿದೇಶಿ ಹೆಸರಿನ ಭಾರಿ ವಾಹನವೊಂದು ಹೊಸ ಸಣ್ಣ ಕಾರಿನ ಬೆಲೆಗೆ ದೊರೆಯುತ್ತದೆ ಎಂದಾಗ, ಕೊಳ್ಳುವ ಮುನ್ನ ನಿಂತು ಲೆಕ್ಕ ಹಾಕುವುದು ಅಗತ್ಯ. ಸಕ್ರೆಬೈಲಿನ ಬಿಡಾರವನ್ನು ಕಂಡವರಿಗೆ ತಿಳಿದಿರುವಂತೆ, ಆನೆಯನ್ನು ತರುವುದಕ್ಕಿಂತ ಸಾಕುವುದು ಕಷ್ಟ.

ಇಷ್ಟು ಅಗ್ಗವಾಗಿ ಇವು ಏಕೆ ಸಿಗುತ್ತವೆ? ಒಂದು ಕಾರಣ ದೂರದ ದೆಹಲಿಯಲ್ಲಿದೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ಪ್ರದೇಶದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗ ಅಲ್ಲಿನ ಮಾಲೀಕರು ಗಡುವಿಗೆ ಮುನ್ನವೇ ತಮ್ಮ ವಾಹನಗಳನ್ನು ಬೇರೆ ರಾಜ್ಯಗಳಿಗೆ ಮಾರತೊಡಗಿದರು. ನಗರದ ಗಾಳಿಗೆ ಬೇಡವಾದ ಹೊಗೆ ಹಳ್ಳಿಯ ಗಾಳಿಗೆ ಬಂತು.

ಇನ್ನೊಂದು ಕಾರಣ ಯಂತ್ರದ ಒಳಗೇ ಇದೆ. 1948ರಲ್ಲಿ ಮೊದಲ ಲ್ಯಾಂಡ್ ರೋವರ್ ಬಂದದ್ದು ರೈತನ ಬಂಡಿಯಾಗಿ. 1970ರಲ್ಲಿ ಬಂದ ರೇಂಜ್ ರೋವರ್‌ನ ಒಳಭಾಗವನ್ನೂ ನೀರು ಹಾಯಿಸಿ ತೊಳೆಯಬಹುದಿತ್ತು. ಮುಂದೆ ಅದೇ ವಂಶದ ವಾಹನಗಳು ಚರ್ಮದ ಆಸನ, ಗಾಳಿಯ ಬುಗ್ಗೆ, ಹತ್ತಾರು ಗಣಕ ಪೆಟ್ಟಿಗೆಗಳನ್ನು ಹೊತ್ತು ಶ್ರೀಮಂತರ ಸವಾರಿಗಳಾದವು. ಇತರ ಕಂಪನಿಗಳ ದುಬಾರಿ ವಾಹನಗಳೂ ಇದೇ ದಾರಿ ಹಿಡಿದವು.

ಗಾಳಿಯ ಬುಗ್ಗೆಯನ್ನೇ ತೆಗೆದುಕೊಳ್ಳಿ. ಜೀಪಿನ ಉಕ್ಕಿನ ಪಟ್ಟಿಯ ಬದಲು ಇಲ್ಲಿ ಪ್ರತಿ ಚಕ್ರದ ಮೇಲೆ ಗಾಳಿ ತುಂಬಿದ ರಬ್ಬರಿನ ಚೀಲವಿರುತ್ತದೆ. ವರ್ಷಗಳು ಕಳೆದಂತೆ ರಬ್ಬರಿನ ಮಡಿಕೆಗಳು ಬಿರಿದು ಗಾಳಿ ಸೋರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ವಾಹನ ಮಲಗಿದ ಎಮ್ಮೆಯಂತೆ ಒಂದು ಮಗ್ಗುಲಿಗೆ ವಾಲಿರುತ್ತದೆ. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತದೆ. ಕೊನೆಗೆ ಅದೂ ಸುಟ್ಟುಹೋಗುತ್ತದೆ. ಚಿಕ್ಕ ಬಿರುಕನ್ನು ಅಲಕ್ಷಿಸಿದವರು ಎರಡು ಬಿಡಿಭಾಗಗಳ ಬೆಲೆ ತೆರುತ್ತಾರೆ.

ಎರಡನೆಯದು ನೀರು. ಸೂರಿನ ಗಾಜಿನ ಕಿಂಡಿಯ ಸುತ್ತ ಮಳೆನೀರು ಹರಿದುಹೋಗಲು ಸಣ್ಣ ನಳಿಕೆಗಳಿರುತ್ತವೆ. ಮರದಡಿ ನಿಲ್ಲಿಸಿದ ವಾಹನದಲ್ಲಿ ತರಗೆಲೆಯ ಪುಡಿ ಅವುಗಳನ್ನು ಮುಚ್ಚುತ್ತದೆ. ಆಗ ಮಲೆನಾಡಿನ ಮಳೆ ಒಳಗಿನ ಹಾಸಿನ ಕೆಳಗೆ ಇಳಿದು, ಅಲ್ಲಿರುವ ತಂತಿಗಳನ್ನೂ ಗಣಕ ಪೆಟ್ಟಿಗೆಗಳನ್ನೂ ತೇವಗೊಳಿಸುತ್ತದೆ. ಒಂದು ದಿನ ದೀಪ ಹತ್ತುವುದಿಲ್ಲ, ಮರುದಿನ ಗಿಯರ್ ಬೀಳುವುದಿಲ್ಲ. ವಾರಗಟ್ಟಲೆ ಓಡಿಸದೆ ನಿಲ್ಲಿಸಿದರೆ ಬ್ಯಾಟರಿ ಇಳಿದು, ಇಲ್ಲದ ದೋಷಗಳ ಎಚ್ಚರಿಕೆಗಳೂ ಮೂಡುತ್ತವೆ.

ಮೂರನೆಯದು ಬಿಡಿಭಾಗ ಕುಳಿತಿರುವ ಜಾಗ. 2004ರಲ್ಲಿ ಬಂದ ಡಿಸ್ಕವರಿ 3 ಮಾದರಿಯಲ್ಲಿ ಟರ್ಬೊ ಬದಲಾಯಿಸಲು ಅನೇಕ ಮೆಕ್ಯಾನಿಕರು ವಾಹನದ ಇಡೀ ಮೇಲ್ಕಾಯವನ್ನೇ ಚೌಕಟ್ಟಿನಿಂದ ಎತ್ತುತ್ತಾರೆ. ಬಿಡಿಭಾಗಕ್ಕಿಂತ ಅದರ ಬಳಿಗೆ ಕೈ ತಲುಪಿಸುವ ಕೂಲಿಯೇ ಹೆಚ್ಚಾಗುವ ಸಂದರ್ಭಗಳಿವೆ. ಹಳೆಯ ಜೀಪಿಗಾದರೆ ಭದ್ರಾವತಿಯ ಲೇತಿನಲ್ಲಿ ಒಂದು ಬುಶ್ ಕಡೆಯಿಸಿ ಅದೇ ಸಂಜೆ ಮನೆಗೆ ಮರಳಬಹುದಿತ್ತು. ಈ ಯಂತ್ರ ಕೈಕೊಟ್ಟರೆ ಬೆಂಗಳೂರಿಗೋ ಮಂಗಳೂರಿಗೋ ಲಾರಿಯ ಮೇಲೆ ಹೋಗಬೇಕು.

ಇದಕ್ಕೆ ಊರಿನ ಮೆಕ್ಯಾನಿಕರನ್ನು ದೂರುವುದು ನ್ಯಾಯವಲ್ಲ. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ತಡೆದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದರ ವ್ಯಾಪ್ತಿಯಲ್ಲಿ ಕೃಷಿ ಉಪಕರಣಗಳೂ ವಾಹನಗಳೂ ಇವೆ. ಕೊಂಡವನಿಗೆ ಬಿಚ್ಚಿ ಸರಿಪಡಿಸುವ ಹಕ್ಕಿಲ್ಲದ ವಸ್ತು ಪೂರ್ತಿಯಾಗಿ ಅವನದಲ್ಲ.

ಇನ್ನು ಸರ್ಕಾರದ ಲೆಕ್ಕ. ಹೊರರಾಜ್ಯದ ವಾಹನವನ್ನು ಇಲ್ಲಿ ಕಾಯಂ ಇರಿಸಿಕೊಳ್ಳಲು ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಅದರ ದರ ಶೇ. 18. ವಯಸ್ಸಿಗೆ ತಕ್ಕಂತೆ ಕಡಿತವಿದ್ದರೂ ಎಣಿಕೆ ಹೊರಡುವುದು ವಾಹನದ ಮೂಲ ಬೆಲೆಯಿಂದ. ಕೊಳ್ಳುವವನು ಈಗ ತೆತ್ತ ಅಗ್ಗದ ಬೆಲೆಯಿಂದಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಸಾಮಾನ್ಯ ಕಾರಿಗೆ 600ರಿಂದ 5,000 ರೂಪಾಯಿಗೂ, ಆಮದಾದ ಕಾರಿಗೆ 40,000 ರೂಪಾಯಿಗೂ ಏರಿತು. ಇಪ್ಪತ್ತು ವರ್ಷ ದಾಟಿದ ಆಮದು ಕಾರಿಗೆ 2025ರಲ್ಲಿ ಅದನ್ನು 80,000 ರೂಪಾಯಿ ಮಾಡಲಾಯಿತು.

ಈ ಖರ್ಚಿನ ಎದುರಿಗೆ ಅಡಿಕೆಯ ಆದಾಯವನ್ನು ಇಟ್ಟು ನೋಡಬೇಕು. 2014ರಲ್ಲಿ ಹಠಾತ್ತನೆ ಏರಿದ ಕೆಂಪಡಿಕೆಯ ಧಾರಣೆ ಎರಡು ವರ್ಷಗಳೊಳಗೆ ಅರ್ಧಕ್ಕಿಂತ ಕೆಳಗಿಳಿದದ್ದನ್ನು ಬೆಳೆಗಾರರು ಮರೆತಿಲ್ಲ. ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ತೋಟಗಳನ್ನು ಹೊಕ್ಕಿದೆ. ಧಾರಣೆ ಇಳಿದರೂ ಗಿಯರ್ ಪೆಟ್ಟಿಗೆಯ ದುರಸ್ತಿಯ ಬೆಲೆ ಇಳಿಯುವುದಿಲ್ಲ. ತೋಟಕ್ಕೆ ಹಾಕಬೇಕಾದ ಗೊಬ್ಬರದ ಹಣ, ಮಕ್ಕಳ ಓದಿನ ಹಣ, ಕೊಟ್ಟಿಗೆಯಲ್ಲಿ ನಿಂತ ವಾಹನಕ್ಕೆ ಹರಿದುಹೋಗುತ್ತದೆ. ಸಾಲದಿಂದ ಕೊಂಡಿದ್ದರಂತೂ ವಾಹನ ನಿಂತ ಮೇಲೂ ಕಂತು ನಿಲ್ಲುವುದಿಲ್ಲ.

ವಿದ್ಯಾರ್ಥಿಗಳು ಒಂದು ಸರಳ ಲೆಕ್ಕವನ್ನು ಮಾಡಿ ನೋಡಬೇಕು. ಕುಂಸಿಯಿಂದ ಶಿವಮೊಗ್ಗಕ್ಕೆ ಸುಮಾರು 25 ಕಿಲೋಮೀಟರ್, ಹೋಗಿಬಂದರೆ 50. ಎರಡೂವರೆ ಟನ್ ತೂಕದ ವಾಹನ ಲೀಟರಿಗೆ 8 ಕಿಲೋಮೀಟರ್ ಓಡಿದರೆ 6 ಲೀಟರಿಗೂ ಹೆಚ್ಚು ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.6 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದು ಪೇಟೆ ಪ್ರಯಾಣಕ್ಕೆ 16 ಕಿಲೋಗ್ರಾಂ. ಲೀಟರಿಗೆ 20 ಕಿಲೋಮೀಟರ್ ಓಡುವ ಸಣ್ಣ ಡೀಸೆಲ್ ಕಾರಿಗೆ ಎರಡೂವರೆ ಲೀಟರ್ ಸಾಕು. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುವ ಬಸ್ಸಿನಲ್ಲಿ ನಲವತ್ತು ಮಂದಿ ಕುಳಿತರೆ ತಲೆಗೆ ಬೀಳುವುದು ಮೂರನೇ ಒಂದು ಲೀಟರಿಗೂ ಕಡಿಮೆ.

‘ಹಳೆಯ ವಸ್ತುವನ್ನು ಬಳಸುವುದೇ ಪರಿಸರ ಧರ್ಮವಲ್ಲವೇ?’ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪ್ರಶ್ನೆ ಸರಿಯಾದದ್ದೇ. ಉಕ್ಕಿನ ಹಿಂದೆ ಗುಡ್ಡವೂ ಕಾಡೂ ಇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುಂಸಿಯ ಗುಡ್ಡಗಳನ್ನು ಅಗೆದದ್ದು ಉಕ್ಕಿಗೆ ಬೇಕಾದ ಮ್ಯಾಂಗನೀಸಿಗಾಗಿ. 1923ರಲ್ಲಿ ಭದ್ರಾವತಿಯ ಕುಲುಮೆ ಉರಿಯತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮಲೆನಾಡಿನ ಮರಗಳ ಇದ್ದಿಲು. ಆದ್ದರಿಂದ ಒಮ್ಮೆ ತಯಾರಾದ ಯಂತ್ರವನ್ನು ದೀರ್ಘಕಾಲ ಬಳಸುವುದು ಒಳ್ಳೆಯದು. ಆದರೆ ಅದು ಊರಿನಲ್ಲಿಯೇ ದುರಸ್ತಿಯಾಗುವ, ಮಿತವಾಗಿ ಇಂಧನ ಕುಡಿಯುವ ಯಂತ್ರವಾಗಿರಬೇಕು. ವರ್ಷದಲ್ಲಿ ಅರ್ಧಕಾಲ ಕೆಟ್ಟು ನಿಂತು, ಓಡಿದಾಗ ಎರಡೂವರೆ ಕಾರುಗಳಷ್ಟು ಕುಡಿಯುವ ವಾಹನವನ್ನು ಉಳಿಸಿದರೆ ಕಾಡು ಉಳಿಯುವುದಿಲ್ಲ. ಅದರ ಸುಟ್ಟ ಎಣ್ಣೆಯೂ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದು ಬಚ್ಚಲ ಹಳ್ಳ ಸೇರಿದರೆ ಬಾವಿಗೆ ದೂರವಿಲ್ಲ.

ಹಳೆಯ ವಾಹನಗಳಿಂದಲೇ ಬಾಳು ಕಟ್ಟಿದ ನಿದರ್ಶನವೂ ಮಲೆನಾಡಿನಲ್ಲಿದೆ. 1991ರಲ್ಲಿ ಕೊಪ್ಪದ ಸಾರಿಗೆ ಕಾರ್ಮಿಕರು ಮುಚ್ಚಿದ ಕಂಪನಿಯೊಂದರ ಕೆಲವೇ ಬಸ್ಸುಗಳಿಂದ ‘ಸಹಕಾರ ಸಾರಿಗೆ’ಯನ್ನು ಆರಂಭಿಸಿದರು. ಸುಮಾರು ಮೂರು ದಶಕ ಅದು ಘಟ್ಟದ ಹಳ್ಳಿಗಳನ್ನು ಪೇಟೆಗಳೊಡನೆ ಬೆಸೆಯಿತು. ಏರಿದ ವೆಚ್ಚಗಳ ಭಾರಕ್ಕೆ 2020ರಲ್ಲಿ ಅದು ನಿಂತುಹೋಯಿತು. ಆ ಬಸ್ಸುಗಳು ನಿಂತ ಊರುಗಳಲ್ಲಿ ಜನ ಸ್ವಂತ ವಾಹನದತ್ತ ಕೈ ಚಾಚುವುದು ಸಹಜ. ಹಾಗಾಗಿ ಬಸ್ಸಿಗಾಗಿ, ತಾಳಗುಪ್ಪ ಮಾರ್ಗದ ರೈಲಿಗಾಗಿ ಕೇಳುವ ದನಿಯೂ ಈ ಲೆಕ್ಕದ ಭಾಗವೇ ಆಗಬೇಕು.

ಆದರೂ ಕೊಳ್ಳಲೇಬೇಕೆನ್ನುವವರು ನಾಲ್ಕು ಪ್ರಶ್ನೆ ಕೇಳಲಿ. ದುರಸ್ತಿಯ ಪೂರ್ಣ ದಾಖಲೆ ಇದೆಯೇ? ಒಂದು ಇರುಳು ನಿಲ್ಲಿಸಿದರೆ ವಾಹನ ಬೆಳಗ್ಗೆ ಅದೇ ಎತ್ತರದಲ್ಲಿ ನಿಂತಿರುತ್ತದೆಯೇ? ತೆರಿಗೆ, ನೋಂದಣಿ ಸೇರಿ ಒಟ್ಟು ಎಷ್ಟು? ಶಿವಮೊಗ್ಗದಲ್ಲಿ ಇದನ್ನು ಬಿಚ್ಚಬಲ್ಲವರು ಇದ್ದಾರೆಯೇ? ಒಂದಕ್ಕೆ ಉತ್ತರ ಸಿಗದಿದ್ದರೂ ಮುಂಗಡ ಕೊಡದೆ ಹಿಂದಿರುಗುವುದು ಲೇಸು. ಅಂಗಳದ ಗೌರವ ಅಲ್ಲಿ ನಿಂತ ವಾಹನದ ಗಾತ್ರದಿಂದ ಬರುವುದಿಲ್ಲ. ಸಾಲವಿಲ್ಲದ ತೋಟದಿಂದ ಬರುತ್ತದೆ.