ಮಾತ್ರೆ ಬಿಡಬೇಡಿ, ತೂಕ ಬರೆದಿಡಿ

(ವನಗೂರಿನ ಶರಣ ಗೋಷ್ಠಿಯಲ್ಲಿ ಆಡಿದ ಮಾತು)

 

ನಾನು ವೈದ್ಯನಲ್ಲ. ಸರ್ಕಾರದಲ್ಲಿ ಇಂಜಿನಿಯರ್ ಆಗಿ ರಸ್ತೆ, ಮೋರಿ, ಸೇತುವೆ ಕೆಲಸ ಮಾಡಿ ನಿವೃತ್ತನಾದವನು. ಇವತ್ತು ಹೇಳುವುದು ನನ್ನ ತಮ್ಮನ ವಿಷಯ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವನೂ ಈ ಸಭೆಯಲ್ಲಿ ಕುಳಿತಿದ್ದಾನೆ.

ಅವನಿಗೆ ಮನಸ್ಸಿನ ಕಾಯಿಲೆ ಬಂದಾಗ ನಾವು ದೆವ್ವ, ಮಾಟ ಎಂದು ಅಲೆಯಲಿಲ್ಲ. ಶರಣರ ವಿಚಾರ ಕೇಳಿ ಬೆಳೆದ ಮನೆ. ನೇರವಾಗಿ ಆಸ್ಪತ್ರೆಗೆ ಕರೆದೊಯ್ದೆವು. ಅದು ನಮ್ಮ ಹೆಮ್ಮೆ. ಒಲಾಂಜಪಿನ್ ಎಂಬ ಮಾತ್ರೆ ಕೊಟ್ಟರು. ಕೆಲವೇ ವಾರಗಳಲ್ಲಿ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ನಿದ್ದೆ ಬಂತು. ಜೊತೆಗೆ ಹಸಿವೂ ಬಂತು. ಬೆಳಿಗ್ಗೆ ಐದು ಅಕ್ಕಿರೊಟ್ಟಿ ತಿಂದವನು ಹತ್ತು ಗಂಟೆಗೆ ಮತ್ತೆ ತಟ್ಟೆ ಹಿಡಿಯುತ್ತಿದ್ದ. 58 ಕೆ.ಜಿ. ಇದ್ದವನು ಒಂದು ವರ್ಷದಲ್ಲಿ 77 ಆದ. ಊರವರು ಮೊದಲು "ಮೈಕೈ ತುಂಬಿಕೊಂಡ" ಎಂದರು, ಆಮೇಲೆ "ಕೂತು ತಿಂದು ಕೊಬ್ಬಿದ" ಎಂದರು. ಅವರನ್ನೇಕೆ ಅನ್ನಲಿ? "ಕಾಯಕ ಮಾಡದೆ ಉಣ್ಣುವುದು ಶರಣರಿಗೆ ಒಪ್ಪದು" ಎಂದು ಅವನಿಗೆ ಹೇಳಿದವನು ನಾನೇ.

ಅವನು ಎದುರಾಡಲಿಲ್ಲ. ಸದ್ದಿಲ್ಲದೆ ಮಾತ್ರೆ ಬಿಟ್ಟ. ಎರಡು ತಿಂಗಳೊಳಗೆ, ಆಷಾಢದ ಮಳೆಯಲ್ಲಿ, ಒಂದು ರಾತ್ರಿ ಮನೆ ಬಿಟ್ಟು ಹೋದ. ಆನೆ ತಿರುಗುವ ಜಾಗ ನಮ್ಮದು. ಮಾರನೆಯ ಮಧ್ಯಾಹ್ನ ಕಾಫಿ ತೋಟದಲ್ಲಿ ನೆನೆದು ನಡುಗುತ್ತ ಕುಳಿತವನನ್ನು ಕೆಲಸದವರು ಕಂಡರು. ಮಾತ್ರೆ ಯಾಕೆ ಬಿಟ್ಟೆ ಎಂದರೆ, "ನೀನೇ ಅಂದೆಯಲ್ಲ ಅಣ್ಣಯ್ಯ" ಎಂದ.

ಮತ್ತೆ ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ ಕಾಯಿಲೆಯೂ ಬಂದಿದೆ ಎಂದು ತಿಳಿಯಿತು. ಆಗ ವೈದ್ಯರನ್ನು ಕೇಳಿ ಕಲಿತೆ. ಈ ಮಾತ್ರೆಗಳು ಮಿದುಳಿನಲ್ಲಿ "ಹೊಟ್ಟೆ ತುಂಬಿತು, ಸಾಕು" ಎನ್ನುವ ಸೂಚನೆಯನ್ನೇ ಮಂಕು ಮಾಡುತ್ತವೆ; ರಕ್ತದ ಸಕ್ಕರೆ, ಕೊಬ್ಬನ್ನೂ ಏರಿಸಬಲ್ಲವು. ಕ್ಲೋಜಪಿನ್, ಒಲಾಂಜಪಿನ್‌ಗಳಲ್ಲಿ ಇದು ಹೆಚ್ಚು, ರಿಸ್ಪೆರಿಡೋನ್, ಕ್ವಟಯಪಿನ್‌ಗಳಲ್ಲಿ ಮಧ್ಯಮ, ಅರಿಪಿಪ್ರಜೋಲ್‌ನಲ್ಲಿ ಕಡಿಮೆ. ಲಿಥಿಯಂ, ವಾಲ್ಪ್ರೊಯೇಟ್ ಕೂಡ ತೂಕ ಏರಿಸಬಹುದು. ಎಲ್ಲರಿಗೂ ಒಂದೇ ಸಮ ಆಗುವುದಿಲ್ಲ. ಆದರೆ ಆದವನು ಸೋಮಾರಿಯಲ್ಲ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೃದ್ರೋಗ, ಸಕ್ಕರೆ ಕಾಯಿಲೆಯಂಥವು ಅದಕ್ಕೆ ದೊಡ್ಡ ಕಾರಣ.

ರಸ್ತೆಗೆ ಮಣ್ಣು ತುಂಬುವ ಮುಂಚೆ ನೆಲದ ಮಟ್ಟ ತೆಗೆದು ಅಳತೆ ಪುಸ್ತಕದಲ್ಲಿ ಬರೆಯುತ್ತೇವೆ. ಬರೆಯದಿದ್ದರೆ ಎಷ್ಟು ತುಂಬಿದೆವು ಎಂದು ಆಮೇಲೆ ಯಾರೂ ಹೇಳಲಾಗದು. ಜೀವಮಾನವೆಲ್ಲ ಇದನ್ನು ಮಾಡಿದ ನಾನು ಮನೆಯಲ್ಲಿ ಮಾಡಲಿಲ್ಲ. ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಕ್ರಮ ಹೇಳಿವೆ: ಮಾತ್ರೆ ಶುರುವಿಗೆ ಮೊದಲು ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಸಬೇಕು, 4, 8, 12ನೇ ವಾರ ತೂಕ, 12ನೇ ವಾರ ಮತ್ತೆ ರಕ್ತ ಪರೀಕ್ಷೆ. ಸುತ್ತಳತೆ ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಒಂದು ಟೇಪು, ಒಂದು ನೋಟುಪುಸ್ತಕ ಸಾಕು.

ವೈದ್ಯರು ತಮ್ಮನ ಮಾತ್ರೆಯನ್ನು ನಿಧಾನವಾಗಿ ಬದಲಿಸಿದರು, ಮೆಟ್‌ಫಾರ್ಮಿನ್ ಸೇರಿಸಿದರು. ದಿನವೂ ಸಂಜೆ ಇಬ್ಬರೂ ನಡೆಯುತ್ತೇವೆ. ಈಗ 69 ಕೆ.ಜಿ.; ಸಕ್ಕರೆ ಹತೋಟಿಯಲ್ಲಿದೆ. ಈ ಸಲದ ಮೆಣಸು ಕೊಯ್ಲಿನ ಲೆಕ್ಕವೆಲ್ಲ ಅವನದೇ.

ನನ್ನ ಕೋರಿಕೆ ಇಷ್ಟು. ತೂಕ ಏರಿತೆಂದು ಯಾರೂ ತಾವಾಗಿ ಮಾತ್ರೆ ಬಿಡಬಾರದು. ವೈದ್ಯರಿಗೆ ಹೇಳಬೇಕು, ಬದಲಿ ದಾರಿಗಳಿವೆ. ಆಸ್ಪತ್ರೆ ದೂರವೆನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಠದ ಪ್ರಸಾದದ ಪಂಕ್ತಿಯಲ್ಲಿ "ಇನ್ನೊಂದು ಸೌಟು ಪಾಯಸ" ಎಂದು ಇಂಥವರಿಗೆ ಒತ್ತಾಯ ಮಾಡಬೇಡಿ. ಇಲ್ಲೊಂದು ತೂಕದ ಯಂತ್ರ ಇಡಲು ಪೂಜ್ಯರು ಅಪ್ಪಣೆ ಕೊಟ್ಟರೆ ಅದರ ಖರ್ಚು ನನ್ನದು.

ಕಾಯವೂ ದೇಗುಲವೆಂದು ನಂಬಿದವರು ನಾವು. ಕಾಯಿಲೆಯವನ ಕಾಯವೂ ದೇಗುಲವೇ. ಕಾಯಕದ ಹೆಸರಿನಲ್ಲಿ ತಮ್ಮನನ್ನು ನೋಯಿಸಿದ್ದಕ್ಕೆ ನಿಮ್ಮೆಲ್ಲರ ಎದುರು ಅವನ ಕ್ಷಮೆ ಕೇಳುತ್ತೇನೆ.